ಐದನೆಯ ಪ್ರಶ್ನೆ

ಬೈತಖೋಲದ ಶಾಲೆಗೆ ನಾನು ಬಂದಾಗ
ಕಪಾಟಿನಲ್ಲಿ ಅರವತ್ತೆರಡು ತೆಳು ಪುಸ್ತಕ,
ಕೀಲಿಕೈ ಹೆಡ್‌ಮಾಸ್ತರರ ಜನಿವಾರದಲ್ಲಿ.
ಕಾಡಿ ಇಸಿದುಕೊಂಡೆ. ಮಕ್ಕಳಿಗೆ ಹೇಳಿದೆ:
ಬೇಕಾದ್ದು ಒಯ್ಯಿರಿ, ಬೇಸರವಾದರೆ ಅರ್ಧಕ್ಕೇ ಬಿಡಿ,
ತಿಳಿಯದ ಶಬ್ದ ಬಂದರೆ
ಗಟಾರ ಜಿಗಿದ ಹಾಗೆ ಜಿಗಿದು ಮುಂದೆ ಹೋಗಿ.

ಅವರ ಮನೆಮಾತು ಕೊಂಕಣಿ.
ನನ್ನ ಕನ್ನಡ ಬ್ಯಾಡಗಿಯದು,
ಬಣ್ಣ ಜಾಸ್ತಿ ಎಂದು ನಗುತ್ತಾರೆ.

ಜೂನಿನಲ್ಲಿ ಟ್ರಾಲರುಗಳೆಲ್ಲ ಬಂದರಿನಲ್ಲೇ.
ಬಲೆ ಹೊಲಿಯುವ ಚಪ್ಪರದಡಿ ಪುಸ್ತಕಗಳು ಓಡಾಡಿದವು.
ತಿರುಗಿ ಬಂದಾಗ ಒಂದೊಂದಕ್ಕೂ ಉಪ್ಪಿನ ವಾಸನೆ;
ಒಂದರೊಳಗೆ, ಪುಟದ ಗುರುತಿಗೆಂದು,
ಒಣ ಬಂಗಡೆಯ ಬಾಲ.

ಆಮೇಲೆ ಬಂತು ಫಾರ್ಮು.
ಪುಸ್ತಕಕ್ಕೆ ಐದು ಪ್ರಶ್ನೆ, ಪ್ರಶ್ನೆಗೆ ಎರಡು ಅಂಕ,
ಜೊತೆಗೆ ಉತ್ತರಗಳ ಹಾಳೆ.
ಮಕ್ಕಳಿಗೆ ತಿಳಿದಿದೆಯೋ ಇಲ್ಲವೋ
ಶುಕ್ರವಾರದೊಳಗೆ ಮೇಲಿನವರಿಗೆ ತಿಳಿಯಬೇಕು.

ಕೇಳಿದೆ. ಮೊಲದ ಅಂಗಿಯ ಬಣ್ಣ ಯಾವುದು?
ರಾಜನ ಮೂರನೇ ಮಗಳ ಹೆಸರೇನು?
ರೋಹಿದಾಸ ಹತ್ತಕ್ಕೆ ಹತ್ತು ತೆಗೆದ,
ಪುಸ್ತಕ ತೆರೆಯದೆ,
ಮುಂದಿನ ಬೆಂಚಿನವನ ಪಾಟಿಯನ್ನು ಓದಿ.
ಮಿಕ್ಕವರು ಈಗ ಕಪಾಟಿನೆದುರು ನಿಂತು
ಬಹಳ ಹೊತ್ತು ಆರಿಸುತ್ತಾರೆ,
ಕಿವಿರೆತ್ತಿ ಮೀನು ನೋಡುವವರ ಹಾಗೆ.
ಎಲ್ಲಕ್ಕಿಂತ ತೆಳುವಾದದ್ದು ಮೊದಲು ಖಾಲಿ.

ಸುಲಕ್ಷಾ ದುರ್ಗೇಕರ. ಪುಸ್ತಕ: ಒಂಟಿ ಕಿವಿಯ ಆಡು.
ಐದನೆಯ ಪ್ರಶ್ನೆ: ಕೊನೆಗೆ ಆಡು ಎಲ್ಲಿ ಸಿಕ್ಕಿತು?
ಹಾಳೆಯ ಪ್ರಕಾರ, ಹುಲ್ಲಿನ ಬಣವೆಯ ಹಿಂದೆ.
ಅವಳು ಬರೆದದ್ದು: ಇನ್ನು ಸಿಕ್ಕಿಲ.
ದೀರ್ಘ ಇಲ್ಲ, ಒತ್ತು ಇಲ್ಲ.
ಕೆಂಪು ಪೆನ್ನಿನಲ್ಲಿ ಒಂದು ದುಂಡನೆಯ ಸೊನ್ನೆ.

ಭಾನುವಾರದ ಸಂತೆ. ತಿಸರೆಯ ರಾಶಿಯ ಹಿಂದೆ
ಅವಳ ಅಜ್ಜಿ. ಕನ್ನಡದ ಒಂದಕ್ಷರ ಬಾರದು.
ಚೌಕಾಸಿ ಅರ್ಧಕ್ಕೇ ನಿಲ್ಲಿಸಿ
ಕೈ ಹಿಡಿದು ಕೇಳಿದಳು:
ಬಾಯೀ, ಆ ಆಡು? ಮಾಗೀರ್ ಕಿತೆಂ ಜಾಲೆಂ?
ಆಮೇಲೆ ಏನಾಯಿತು?
ಹುಡುಗಿ ರಾತ್ರಿಗೊಂದು ಹೇಳುತ್ತಾಳೆ,
ಮೊನ್ನೆ ಅದು ಕಾಳಿ ದಾಟಿ ಸದಾಶಿವಗಡಕ್ಕೆ ಹೋಯಿತಂತೆ,
ನಿನ್ನೆ ಐಸ್ ಫ್ಯಾಕ್ಟರಿಯಲ್ಲಿ ನಡುಗುತ್ತ ನಿಂತಿತ್ತಂತೆ.
ಅಂಬಿಗನಿಗೆ ಕೆಮ್ಮು ಶುರುವಾದದ್ದು
ಆಡು ಹೋದ ದಿನದಿಂದ, ಅಲ್ಲವೇ?
ಅವನಿಗೆ ಔಷಧಿ ತಂದುಕೊಡುವವರು ಯಾರು?

ಕೆಮ್ಮು?
ಹಾಳೆಯಲ್ಲಿ ಕೆಮ್ಮು ಇರಲಿಲ್ಲ.
ಗೊತ್ತಿಲ್ಲ ಅಜ್ಜಿ, ಅಂದೆ.
ಟೀಚರಾಗಿ ಓದಿಲ್ಲವೇ ನೀನು?
ಸುತ್ತಲಿನ ಬುಟ್ಟಿಗಳೆಲ್ಲ ನಕ್ಕವು.
ಪಾಪ ಅನಿಸಿತೋ ಏನೋ,
ಒಂದು ಹಿಡಿ ತಿಸರೆ ಹೆಚ್ಚಿಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ರಿಜಿಸ್ಟರಿನಲ್ಲಿ
ಸುಲಕ್ಷಾಳ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ.
ಪಾಟಿಚೀಲದಿಂದ ಪುಸ್ತಕ ತೆಗೆದು,
ಮುದುಡಿದ ಮೂಲೆ ನೇರ ಮಾಡಿ ಕೊಟ್ಟಳು:

ಇಪ್ಪತ್ತೆರಡರ ಆಚೆ ಹಾಳೆ ಹರಿದಿದೆ, ಟೀಚರ್.
ನಿಧಾನ ಓದಿ.