ರಸಮಟ್ಟ

ವಾದಿ ಕಬೀರಿನ ಗ್ಯಾರೇಜು. ಹಿಂದೆ ಕಪ್ಪು ಗುಡ್ಡ,
ಹುಲ್ಲಿಲ್ಲ, ಕಾಗೆಗಳಿವೆ.
ಜೂನ್ ಮಧ್ಯಾಹ್ನ ಸ್ಪಾನರನ್ನು
ನೀರಿನ ಡಬ್ಬಿಯಲ್ಲಿ ಅದ್ದಿಯೇ ಹಿಡಿಯಬೇಕು.

ಎಪ್ಪತ್ತಾರರ ಗಾಡಿ. ಎಣ್ಣೆ ಕಂಪೆನಿಯ ಯಾರೋ ಅಮೆರಿಕದವನು
ಹಡಗಲ್ಲಿ ತರಿಸಿ, ಬಿಟ್ಟು ಹೋದದ್ದು.
ಒಳಗೆ ಒಲೆ, ಬಚ್ಚಲು, ಕಿತ್ತಳೆ ಬಣ್ಣದ ಪರದೆ,
ಹಿಂದಿನ ನಾಲ್ಕು ಚಕ್ರಗಳ ನಡುವೆ
ಎಡಕ್ಕೊಂದು ಬಲಕ್ಕೊಂದು ರಬ್ಬರಿನ ಗಾಳಿಚೀಲ.
ಎಡದ್ದು ಸೋರುತ್ತದೆ. ಸಂಜೆ ನೆಟ್ಟಗೆ ನಿಂತದ್ದು
ಬೆಳಗಿನ ಬಾಂಗಿನ ಹೊತ್ತಿಗೆ
ಹಿಂಗಾಲು ಮಡಿಸಿದ ಒಂಟೆ.

ಒಡತಿ ಜುವೈನಾ. ಇಬ್ರಾದ ಆಸ್ಪತ್ರೆಯಲ್ಲಿ
ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದವಳು.
‘ಮರಳಲ್ಲಿ ಮಲಗಬೇಕು’ ಎಂದಳು, ‘ಅಷ್ಟೆ.’
ಕಿವಿಯೊಳಗೆ ಏನೋ ಕೆಟ್ಟು ತಲೆಸುತ್ತು;
ಮಂಚ ಒಂದು ಬೆರಳು ವಾಲಿದರೂ
ಇರುಳಿಡೀ ಬಾವಿಗೆ ಬೀಳುತ್ತಲೇ ಇರುತ್ತಾಳಂತೆ.

ನಾನು ಸುರುಳಿಯ ಪಕ್ಷ.
ಮುರುಕು ಹಿಂದಿ, ಹರಕು ಅರಬಿಯಲ್ಲಿ ವಾದಿಸಿದೆ:
ಚೀಲ ಕಿತ್ತು ಸ್ಪ್ರಿಂಗು ಕೂರಿಸೋಣ,
ಈ ಸೆಕೆಗೆ ರಬ್ಬರು ಹಪ್ಪಳದ ಹಾಗೆ ಬಿರಿಯುತ್ತದೆ,
ಕಂಪ್ರೆಸರ್ ಕೆಟ್ಟರೆ ಆ ಮರಳಲ್ಲಿ
ಯಾರ ಹತ್ತಿರ ಉಸಿರು ಸಾಲ ಕೇಳುತ್ತೀರಿ?
ಸ್ಪ್ರಿಂಗು ಕುಗ್ಗಿದರೂ ಹೇಳಿಕೊಂಡೇ ಕುಗ್ಗುತ್ತದೆ,
ವರ್ಷಕ್ಕೆ ಅರ್ಧ ನೂಲು.
ತಗಡಿನ ಮಾಡು ಮಗುಚಿ ಹಾಸಿದಂಥ ರಸ್ತೆಯಲ್ಲಿ
ಹಲ್ಲು ಕಟಕಟ ಅನ್ನುತ್ತದೆ, ಒಪ್ಪಿದೆ.
ಅನ್ನಲಿ ಬಿಡಿ, ಮನೆ ತಲುಪುತ್ತೀರಿ.

‘ಓರೆ ನೆಲ ಸಿಕ್ಕರೆ?’
ಚಕ್ರದಡಿ ಹಲಗೆ ಇಡಿ.
‘ಎಷ್ಟು ದಪ್ಪದ್ದು?’
ಆಮೇಲೆ, ‘ನೀನು ಯಾವುದರ ಮೇಲೆ ಮಲಗುತ್ತೀ?’

ರೂವಿಯ ರೂಮು. ಮೇಲಿನ ಮಂಚ. ಹದಿನೆಂಟು ವರ್ಷದ ಸ್ಪ್ರಿಂಗು.
ಕೆಳಗೆ ಇದ್ದಿನಬ್ಬ ಮಗ್ಗುಲು ಬದಲಿಸಿದರೆ
ನನ್ನ ಬೆನ್ನಿಗೆ ಸುದ್ದಿ ಬರುತ್ತದೆ:
ಇವತ್ತು ಅವನಿಗೆ ಊರಿನ ಫೋನು ಬಂತು,
ಇವತ್ತು ಬರಲಿಲ್ಲ.
‘ಸ್ಪ್ರಿಂಗಿನ ಮೇಲೆ’ ಎಂದೆ.
‘ನಿದ್ದೆ ಬರುತ್ತದಾ?’
ಗಿರಾಕಿಗಳು ಕೇಳುವ ಪ್ರಶ್ನೆಯಲ್ಲ ಇದು.
ಜ್ಯಾಕಿಗೆ ಗ್ರೀಸು ಹಚ್ಚತೊಡಗಿದೆ.

ಸರಿ, ನೋಡಿಯೇಬಿಡೋಣ ಎಂದು
ಸೋರುವ ಚೀಲಕ್ಕೇ ತೇಪೆ ಹಾಕಿ ಗಾಳಿ ಊದಿದೆ.
ಬೆಂಕಿಯಂಥ ಗಾಡಿಯೊಳಗೆ ಅವಳು ಕಣ್ಣು ಮುಚ್ಚಿ ಮಲಗಿದಳು,
ತಲೆದೆಸೆಯಲ್ಲಿ ನನ್ನ ರಸಮಟ್ಟ,
ವಾಲ್ವಿನ ಬಳಿ ನಾನು,
ಗುಳ್ಳೆ ನೋಡಿ ಕೂಗಲು ಗುಲ್ ಜಮಾನ್.

‘ಬಂತು ಉಸ್ತಾದ್, ನಡುಗೆರೆಗೆ ಬಂತು!’
‘ಬೀಳ್ತಾ ಇದ್ದೇನೆ’ ಎಂದಳು ಒಳಗಿಂದ.
ಒಂದಿಷ್ಟು ಬಿಟ್ಟೆ. ‘ಇನ್ನೂ ಬಾವಿ.’
ಮತ್ತೊಂದು ಗುಟುಕು ಬಿಟ್ಟೆ,
ಇರುವೆಯ ಉಸಿರಿನಷ್ಟು.
‘ನಿಂತಿತು.’

ಗುಳ್ಳೆ ಗೆರೆಯಿಂದ ಒಂದು ಅಕ್ಕಿಕಾಳು ಆಚೆಗಿತ್ತು.
ಮಟ್ಟ ಅಲ್ಲ ಇದು, ಎಂದೆ.
‘ನನಗೆ ಇದೇ.’
ಎಷ್ಟೋ ಹೊತ್ತು ಮಾತಿಲ್ಲ. ಇಣುಕಿದರೆ
ಬಾಯಿ ತುಸು ತೆರೆದು, ಬೆವರಲ್ಲಿ ತೊಯ್ದು
ನಿದ್ದೆ ಹೋಗಿದ್ದಳು.

ಅಕ್ಕಿಕಾಳಿನಷ್ಟು ದಪ್ಪದ ಹಲಗೆ
ಯಾವ ಬಡಗಿಯೂ ಕೊಯ್ದು ಕೊಡುವುದಿಲ್ಲ.

ಹೊಸ ಚೀಲ ಎರಡು, ನೂರೆಂಬತ್ತು ರಿಯಾಲು;
ಕಂಪ್ರೆಸರ್ ಕೈಕೊಟ್ಟರೆ ಇರಲೆಂದು
ಸೈಕಲ್ಲಿನ ಪಂಪು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.
ರಸಮಟ್ಟದ ಗಾಜಿನ ಮೇಲೆ, ಹಳೆ ಗೆರೆಯ ಪಕ್ಕ,
ಮೊಳೆಯಲ್ಲಿ ಇನ್ನೊಂದು ಗೆರೆ ಗೀರಿಕೊಟ್ಟೆ.

ಶಾರ್ಜಾದಿಂದ ನಾನು ಮೊದಲೇ ತರಿಸಿಟ್ಟ
ಚಕ್ಕುಲಿಯಂಥ ಎರಡು ಸ್ಪ್ರಿಂಗು
ವಾಪಸು ತಗೊಳ್ಳುವುದಿಲ್ಲ ಅಂದರು.
ಒಂದರ ಮೇಲೆ ಗುಲ್ ಜಮಾನ್ ನೀರಿನ ಹೂಜಿ ಇಟ್ಟಿದ್ದಾನೆ.
ಅಲ್ಲಾಡುವುದಿಲ್ಲ, ಒಳ್ಳೆ ಮಾಲು.
ಸ್ವಲ್ಪ ವಾಲಿದೆ.