ಪ್ರಯಾಣದ ಉದ್ದೇಶ

ಚಿಂತಾಮಣಿಯಲ್ಲಿ ಥಾಯ್ಲೆಂಡ್ ಅಂದರೆ
ಗಂಡಸರು ದನಿ ತಗ್ಗಿಸುತ್ತಾರೆ.
ಟೊಮೆಟೊಗೆ ರೇಟು ಬಂದ ವರ್ಷ ಮಂಡಿಯವರು
ಎಂಟೆಂಟು ಜನ ಒಟ್ಟಿಗೆ ಬಂದು,
ಕೌಂಟರಿನಲ್ಲಿ ಹೆಂಗಸು ಕೂತಿರುವುದ ಕಂಡು
'ಅಪ್ಪ ಇಲ್ವಾ?' ಎಂದು ಕೇಳಿ
ತಿರುಪತಿ ಬಸ್ಸಿನ ಟೈಮು ವಿಚಾರಿಸಿ ಹೋಗುತ್ತಾರೆ.

ರಿಗ್ಗು ಪಿಳ್ಳಣ್ಣನೂ ತಗ್ಗಿದ ದನಿಯಲ್ಲೇ ಹೇಳಿದರು.
ಅರವತ್ತಮೂರು ವಯಸ್ಸು. ಬಲಗಿವಿ ಇಲ್ಲ;
ಮೂವತ್ತು ವರ್ಷ ಕಂಪ್ರೆಸರ್ ಪಕ್ಕ ನಿಂತ ಕಿವಿ.
ನಾನು ಪಟ್ಟಾಯದ ಹಾಳೆ ತೆಗೆದೆ:
ನಾಲ್ಕು ರಾತ್ರಿ, ಐದು ಹಗಲು, ಇಂಡಿಯನ್ ಊಟ.
ಅವರು ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು.
'ಇದಲ್ಲಮ್ಮ. ದೀಪದ್ದು.'

ಮೊಮ್ಮಗಳ ಫೋನಿನಲ್ಲಿ ನೋಡಿದರಂತೆ.
ಬಾಳೆದಿಂಡಿನ ಬಿಲ್ಲೆ, ಸುತ್ತ ಎಲೆಯ ಮಡಿಕೆ,
ನಡುವೆ ಹೂವು, ಮೇಣದಬತ್ತಿ, ಊದುಬತ್ತಿ.
ಹುಣ್ಣಿಮೆ ರಾತ್ರಿ ಊರಿಗೆ ಊರೇ ಹೊಳೆಗಿಳಿದು ತೇಲಿಬಿಡುತ್ತದೆ.
'ಯಾತಕ್ಕೆ ಗೊತ್ತಾ?
ಬಳಸಿದ್ದಕ್ಕೆ, ತುಳಿದಿದ್ದಕ್ಕೆ, ಕೊಳೆ ಮಾಡಿದ್ದಕ್ಕೆ
ನೀರಿನ ಹತ್ರ ತಪ್ಪಾಯ್ತು ಅನ್ನೋದಂತೆ.
ನಾವೂ ಗಂಗೆ ಪೂಜೆ ಮಾಡ್ತೀವಿ.
ಕೊಡಮ್ಮಾ ಅಂತೀವಿ, ಬಂದ್ಲು ಅಂತೀವಿ.
ತಪ್ಪಾಯ್ತು ಅಂದಿದ್ದು ನಾನಂತೂ ಕೇಳಿಲ್ಲ.'

ಜೇಬಿನಲ್ಲಿ ಮಡಿಸಿಟ್ಟ ಕ್ಯಾಲೆಂಡರಿನ ಹಾಳೆ.
ಕಾರ್ತಿಕದ ಹುಣ್ಣಿಮೆಗೆ ಆಗಲೇ ಪೆನ್ಸಿಲಿನ ಸುತ್ತು.
ದೇವನಹಳ್ಳಿಯಿಂದ ಬ್ಯಾಂಕಾಕ್, ಅಲ್ಲಿಂದ ರಾತ್ರಿ ರೈಲು,
ಬೆಳಿಗ್ಗೆ ಚಿಯಾಂಗ್ ಮಾಯ್, ಪಿಂಗ್ ಎಂಬ ಹೊಳೆ.
ಹಬ್ಬದ ವಾರ ರೂಮಿಗೆ ಮೂರು ಪಟ್ಟು, ಎಂದೆ.
'ದಂಡೇಲೇ ಮಲಗ್ತೀನಿ. ಲಾರಿ ಕೆಳಗೆ ಮಲಗಿದೋನು.'

ಪಾಸ್‌ಪೋರ್ಟಿಗೆ ಮೂರು ಸಲ ಹೋಗಿ ಬಂದರಂತೆ.
ಪೈಪು ತಿರುವಿ ತಿರುವಿ ಬೆರಳ ಗೆರೆ ಸವೆದು
ಮಿಷನ್ನು ಇವರನ್ನು ಮನುಷ್ಯ ಅನ್ನಲೇ ಇಲ್ಲ.
ನಾಲ್ಕನೇ ಸಲ ಎಡಗೈ ಕಿರುಬೆರಳು ಒಪ್ಪಿತು.

ಅಲ್ಲಿ ಅವಳ ಹೆಸರು ಖೊಂಗ್‌ಖಾ, ಎಂದು ಓದಿ ಹೇಳಿದೆ.
ಎಡಗಿವಿ ಹತ್ತಿರ ತಂದು ಇನ್ನೊಮ್ಮೆ ಹೇಳಿಸಿದರು.
'ಅಯ್ಯೋ, ಗಂಗಮ್ಮನೇ!
ಒಳಗೊಳಗೇ ಹೋಗಿದಾಳೆ ನೋಡು ಅಲ್ಲಿಗಂಟ.'

ಆಮೇಲೆ ಕೇಳಿದರು: 'ಒಬ್ಬರಿಗೆ ಎಷ್ಟು ಬಿಡಬಹುದು?'
ಒಂದು, ಅಂದೆ.
ಚೀಲದಿಂದ ಉದ್ದನೆಯ ಲೆಕ್ಕದ ಪುಸ್ತಕ ಬಂತು.
ಊರು, ಹೆಸರು, ಅಡಿ, ಕೊನೆಯ ಕಾಲಂನಲ್ಲಿ
ಬಂದಿದ್ದರೆ ಇಂಚು, ಬರದಿದ್ದರೆ ಧೂಳು.
ಎರಡು ಸಾವಿರದ ಮುನ್ನೂರ ಹದಿನಾರು.
'ಬಂದಿದ್ದಕ್ಕೆ ಬಿಡಬೇಕಾ, ಬರದಿದ್ದಕ್ಕಾ?
ಅವಳಿಗೆ ತೂತು ತೂತೇ ಅಲ್ವಾ?'

ಹಾಳೆ ಮಗುಚುವಾಗ ಕಣ್ಣಿಗೆ ಬಿತ್ತು:
ಅಮೀರ್‌ಜಾನ್ ಸಾಬ್, ಕೈವಾರ ರಸ್ತೆ, ೯೪೦, ಧೂಳು.
ಆಗ ನಾನು ಏಳನೇ ಕ್ಲಾಸು.
ಅಬ್ಬಾ ತಲೆಯಿಂದ ಕಾಲಿನವರೆಗೂ ಬೆಳ್ಳಗೆ
ಕೆಮ್ಮುತ್ತಾ 'ಇನ್ನೊಂದು ಪೈಪು ಇಳಿಸಪ್ಪ' ಅಂದಿದ್ದು,
ಈ ಮನುಷ್ಯ ತಲೆಯಾಡಿಸಿ ಮಿಷನ್ ನಿಲ್ಲಿಸಿದ್ದು,
ಆಮೇಲೆ ಆ ಜಾಗ ಈ ಅಂಗಡಿಯಾದದ್ದು.
ಹೇಳಲಿಲ್ಲ. ಮುಂದಿನ ಹಾಳೆ ಮಗುಚಿದೆ.

ಉಮ್ರಾಗೆ ಹೋದವರು ತಂದುಕೊಟ್ಟ ಝಮ್‌ಝಮ್
ಕಪಾಟಿನಲ್ಲಿ ಅರ್ಧ ಬಾಟಲಿ ಇತ್ತು.
ಎರಡು ಗುಟುಕು ಬಗ್ಗಿಸಿ ಕೊಟ್ಟೆ, ಎಲ್ಲಿಯದೆಂದು ಹೇಳಿ.
ಟೋಪಿ ತೆಗೆದು, ಎದ್ದು ನಿಂತು ಕುಡಿದರು.
'ಎಷ್ಟು ಅಡಿ?'
ನೂರು ಅಂತಾರೆ.
'ಬರೀ ನೂರೇ?'
ಲೋಟದ ತಳ ನೋಡುತ್ತಾ ಕೂತರು.

ಫಾರಂ ತುಂಬಿಸಿದೆ. ಪ್ರಯಾಣದ ಉದ್ದೇಶ ಎಂಬಲ್ಲಿ
ಸಾಲಾಗಿ ಚೌಕಗಳು: ರಜೆ, ವ್ಯಾಪಾರ, ಸಭೆ, ಓದು.
ರಜೆಗೆ ಗುರುತು ಹಾಕಿ ಅವರತ್ತ ತಿರುಗಿಸಿದೆ.
ತಮಗೆ ಬಾರದ ಇಂಗ್ಲಿಷನ್ನು
ಬಂಡೆ ನೋಡುವ ಹಾಗೆ ಬಹಳ ಹೊತ್ತು ನೋಡಿದರು.
'ಸರಿಯಾಗಿ ಬರ್ದಿದೀಯ ತಾನೇ, ಮಗಾ?'