ಸಾಲು ನಾಲ್ಕು, ಕಪಾಟು ಹನ್ನೊಂದು

ವಾಸ್ಕೋದ ಈ ಕಚೇರಿಯ ನೆಲಮಾಳಿಗೆಗೆ
ನಾನು ಬಂದ ದಿನ ಕೀಲಿಕೈ ಕೊಟ್ಟ ಕಾಯ್ತಾನ್
ಮೂಗಿಗೆಂದು ತನ್ನ ಕರವಸ್ತ್ರವನ್ನೂ ಕೊಟ್ಟ.
ಬಂದರಿನ ಉಪ್ಪುಗಾಳಿಗೆ ಗುಂಡುಸೂಜಿಗಳೆಲ್ಲ ತುಕ್ಕು,
ಹಾಳೆ ಹಾಳೆಯ ಮೂಲೆಗೂ ಕುಂಕುಮ ಇಟ್ಟಂತೆ.
ಯಾವುದು ಎಲ್ಲಿದೆ ಅಂದರೆ ತಲೆ ಮುಟ್ಟಿ ತೋರಿಸಿದ:
ಎಲ್ಲ ಇಲ್ಲಿದೆ, ಮ್ಯಾಡಮ್.
ಆ ತಲೆಗೆ ಮಾರ್ಚಿಯಲ್ಲಿ ನಿವೃತ್ತಿ.

ನಾನು ಓದಿ ಬಂದವಳು. ಇಂಥದ್ದಕ್ಕೂ ಓದುಂಟು ಅಂದರೆ
ಮೇಲಿನ ಮಹಡಿ ಈಗಲೂ ನಗುತ್ತದೆ.
ತೇವ ಅಳೆಯುವ ಯಂತ್ರ ತೂಗುಹಾಕಿದೆ,
ತುಕ್ಕು ಕಿತ್ತು ಹತ್ತಿಯ ದಾರ ಕಟ್ಟಿದೆ,
ಸಾಲಿಗೆ, ಕಪಾಟಿಗೆ, ಕಟ್ಟಿಗೆ ಸಂಖ್ಯೆ.
ಕಾಯ್ತಾನನ ತಲೆಯನ್ನು ದಿನಕ್ಕೊಂದು ತಾಸು
ವಹಿಗೆ ಇಳಿಸಿಕೊಂಡೆ, ಬಾವಿ ಸೇದಿದ ಹಾಗೆ;
ಕೆಲವು ದಿನ ಬಂದದ್ದು ಬರೀ ಫುಟ್‌ಬಾಲ್ ಕಥೆ.

ಅವ್ವ ಹೇಳುತ್ತಿದ್ದಳು: ನಮ್ಮೂರಾಗ ದೆವ್ವ ಬರಬಾರದಂತ
ಕದದ ಮ್ಯಾಲ ಸುಣ್ಣದಾಗ ಬರೀತಿದ್ರು, ನಾಳೆ ಬಾ.
ಓದಿ, ತಿರುಗಿ ಹೋಗುತ್ತಿತ್ತಂತೆ ಅದು, ದಿನವೂ.
ಈ ಕಚೇರಿ ಗೋಡೆಗೆ ಬರೆದಿರಲಿಲ್ಲ,
ಕಿಟಕಿಯ ಕಂಡಿಯಿಂದ ಬಾಯಲ್ಲೇ ಹೇಳುತ್ತಿತ್ತು:
ಫೈಲು ಸಿಕ್ಕಿಲ್ಲ, ಫಾಲ್ಯಾಂ ಯೋ.
ಅವ್ವ ದೆವ್ವದಷ್ಟೇ ಪ್ರಾಮಾಣಿಕಳು. ಮರುದಿನ ಬರುತ್ತಿದ್ದಳು,
ತಲೆಯ ಸಿಂಬಿ ಕಂಕುಳಿಗೆ ಸಿಕ್ಕಿಸಿ,
ಅರ್ಧ ದಿನದ ಕೂಲಿ ಬಿಟ್ಟು,
ಒಂದು ಮನೆ ನಂಬರಿಗೆ.

ನಿನ್ನೆ ಸಿಕ್ಕಿತು.
ಮೀನು ಮಾರುಕಟ್ಟೆಯ ಪರವಾನಗಿಗಳ ನಡುವೆ.
ದ್ಯಾಮವ್ವ ಹೋಗಿ ದೇಮಾವತಿ ಆಗಿದ್ದಳು.
ಹೆಬ್ಬೆಟ್ಟು ಮಾತ್ರ ಅವಳದೇ:
ಇಟ್ಟಿಗೆ ಹಿಡಿದೂ ಹಿಡಿದೂ ಸವೆದ ಗೆರೆ,
ನಡುವೆ ಬೋಳು ಬಿಳಿ.

ನಿಯಮ: ‘ಗ’ ವರ್ಗ, ಐದು ವರ್ಷ ಇಟ್ಟು ನಾಶಪಡಿಸತಕ್ಕದ್ದು.
ಈ ವರ್ಷದ ಪಟ್ಟಿ ಬರೆಯುವವಳು ನಾನೇ.
ಚೀಲಕ್ಕೆ ಹಾಕಿ ಮನೆಗೆ ಒಯ್ಯಬಹುದಿತ್ತು;
ಕಾಯ್ತಾನ್ ಬೇಕಂತಲೇ ಬೀಡಿಗೆ ಹೊರಗೆ ಹೋದ.
ಒಯ್ಯಲಿಲ್ಲ. ಒಯ್ದರೆ ಅದು ಮತ್ತೆ ಕಳೆದ ಫೈಲೇ.

ನಿಯಮವನ್ನೇ ಇನ್ನೊಮ್ಮೆ ಓದಿದೆ, ನಿಧಾನಕ್ಕೆ:
ಐದು ವರ್ಷ, ಕಡತ ಮುಕ್ತಾಯವಾದ ದಿನದಿಂದ.
ಇಪ್ಪತ್ತೆರಡು ವರ್ಷವಾಯಿತು.
ಮುಕ್ತಾಯದ ಮೊಹರು ಎಲ್ಲೂ ಇಲ್ಲ,
ಹಿಂದೆ ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೂ ನೋಡಿದೆ.

ಷರಾ ಕಲಮಿನಲ್ಲಿ ಬರೆದೆ:
ಅರ್ಜಿದಾರಳಿಗೆ ಉತ್ತರ ಹೋಗಿಲ್ಲ. ಚಾಲ್ತಿಯಲ್ಲಿದೆ.
ಅರ್ಜಿದಾರಳು ಬದುಕಿದ್ದಾಳೆಯೇ ಎಂದು
ಷರಾ ಕಲಮು ಕೇಳುವುದಿಲ್ಲ.
ಸಹಿ, ದಿನಾಂಕ.
ಇವತ್ತಿನ ಟಪಾಲಿನಲ್ಲೇ ಮೇಲಿನ ಮಹಡಿಗೆ ಕಳಿಸಿದೆ.